ಪಿರೋಸ್ಮನಿಯ ಚಿತ್ರಗಳಲ್ಲಿ ಕಪ್ಪು ಬಣ್ಣ

ಪ್ರಶ್ನೆ:
ಜಾರ್ಜಿಯಾದ ನಿಕೊ ಪಿರೋಸ್ಮನಿ (1862–1918) ಯಾವ ಕಲಾಶಾಲೆಯಲ್ಲೂ ಕಲಿಯದೆ, ಟಿಬಿಲಿಸಿಯ ಮದ್ಯದಂಗಡಿಗಳಿಗೆ ನಾಮಫಲಕಗಳನ್ನೂ ಗೋಡೆಚಿತ್ರಗಳನ್ನೂ ಬರೆದುಕೊಟ್ಟು ಬದುಕಿದವರು. ಅವರ ಪ್ರಾಣಿಗಳೂ ಔತಣದ ಮೇಜಿನ ಸುತ್ತ ಕುಳಿತ ಜನರೂ ಕತ್ತಲೆಯೊಳಗಿಂದ ಎದ್ದು ಬಂದಂತೆ ಕಾಣುವುದೇಕೆ? ಇದು ತರಬೇತಿಯ ಕೊರತೆಯೋ, ತಿಳಿದೇ ಮಾಡಿದ ಆಯ್ಕೆಯೋ? ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ಅವರು ಬಹುಪಾಲು ಚಿತ್ರಗಳನ್ನು ಕಪ್ಪು ಮೇಣಬಟ್ಟೆಯ ಮೇಲೆ ತೈಲವರ್ಣದಲ್ಲಿ ಬರೆದರು. ಬಿಳಿಯ ಕ್ಯಾನ್ವಾಸಿನಲ್ಲಿ ಚಿತ್ರಕಾರ ನೆರಳನ್ನು ಕಟ್ಟಬೇಕಾಗುತ್ತದೆ; ಇಲ್ಲಿ ನೆರಳು ಮೊದಲೇ ಇರುವುದರಿಂದ ಬೆಳಕನ್ನಷ್ಟೇ ಸೇರಿಸಿದರೆ ಸಾಕು. ಕಪ್ಪು ಬೇಕಾದ ಕಡೆ ಅವರು ಬಣ್ಣವನ್ನೇ ಹಚ್ಚದೆ ಬಟ್ಟೆಯನ್ನು ಹಾಗೆಯೇ ಬಿಟ್ಟಿದ್ದಾರೆ, ಹೀಗಾಗಿ ಪ್ರಾಣಿಯೊಂದರ ಕಪ್ಪು ಮೈಯೂ ಅದರ ಹಿಂದಿನ ಇರುಳೂ ಒಂದೇ ಬಟ್ಟೆಯಾಗಿರಬಹುದು. ಎಲ್ಲಿ ಕೈ ತಡೆಯಬೇಕೆಂದು ಇಷ್ಟು ಚೆನ್ನಾಗಿ ಬಲ್ಲವರ ಕೆಲಸವನ್ನು ಕೊರತೆಯೆನ್ನಲು ನಾನು ಒಪ್ಪಲಾರೆ.

ಉತ್ತರ 2:
ಮೇಲಿನ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಆದರೆ ಎಲ್ಲವನ್ನೂ ಬಟ್ಟೆಯ ಗುಣಕ್ಕೆ ಒಪ್ಪಿಸಬಾರದು. ಅವರ ಆಕೃತಿಗಳು ನೇರವಾಗಿ ನಮ್ಮತ್ತ ಮುಖಮಾಡಿ ನಿಶ್ಚಲವಾಗಿ ನಿಲ್ಲುತ್ತವೆ. ದೂರದಿಂದಲೇ ಗುರುತು ಸಿಗಬೇಕಾದ ಅಂಗಡಿಫಲಕದ ಶಿಸ್ತು ಅದು ಎಂಬುದು ನನ್ನ ಅಭಿಪ್ರಾಯ. 1912ರಲ್ಲಿ ಯುವ ಕಲಾವಿದರಾದ ಜ್ದಾನೆವಿಚ್ ಸಹೋದರರೂ ಮಿಖಾಯಿಲ್ ಲೆ-ಡಾಂಟು ಅವರೂ ಈ ಚಿತ್ರಗಳನ್ನು ಗುರುತಿಸಿದರು, ಮರುವರ್ಷ ಕೆಲವು ಮಾಸ್ಕೋದಲ್ಲಿ ಪ್ರದರ್ಶನಗೊಂಡವು. ಆದರೂ ಪಿರೋಸ್ಮನಿ ಬಡತನದಲ್ಲಿಯೇ ತೀರಿಕೊಂಡರು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಮೂಲಚಿತ್ರಗಳನ್ನು ಎಲ್ಲಿ ನೋಡಬಹುದು?

ಉತ್ತರ 1:
ದೊಡ್ಡ ಸಂಗ್ರಹವು ಜಾರ್ಜಿಯಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಅವರ ಹುಟ್ಟೂರಿನ ಕಖೇಟಿ ಪ್ರಾಂತ್ಯದ ಸಿಗ್ನಾಘಿಯ ವಸ್ತುಸಂಗ್ರಹಾಲಯದಲ್ಲೂ ಕೆಲವನ್ನು ನೋಡಬಹುದು.