ಡಿಸ್‌ಗೈಸ್ ಎಂದರೆ ವೇಷವೋ, ಮಾರುವೇಷವೋ?

ಕಡಿಯಾಳಿ ಟೀಚರ್:
ಎಂಟನೆಯ ತರಗತಿಯ ಮಕ್ಕಳಿಗೆ ‘ಡಿಸ್‌ಗೈಸ್’ ಎಂದರೆ ವೇಷ ಎಂದೆ. ಕೂಡಲೇ ಒಬ್ಬ ಹುಡುಗ, “ಹಾಗಾದರೆ ಅಷ್ಟಮಿಯ ಹುಲಿವೇಷವೂ ಡಿಸ್‌ಗೈಸೇ?” ಎಂದು ಕೇಳಿದ. ಏನು ಹೇಳಲಿ? ಪದದ ಮೂಲವೂ ಬೇಕಿತ್ತು.

ಚೌಕಿಮನೆ:
ಅಲ್ಲ ಟೀಚರೇ. ಹುಲಿವೇಷದವನು ಯಾರನ್ನೂ ಏಮಾರಿಸುವುದಿಲ್ಲ. ತಾಸೆ ವಾದ್ಯದ ಪೆಟ್ಟಿಗೆ ಎರಡು ಹೆಜ್ಜೆ ಹಾಕಿದನೆಂದರೆ ಯಾರ ಮನೆಯ ಹುಡುಗ ಎಂದು ಕೇರಿಗೆಲ್ಲ ಗೊತ್ತು. ಗುರುತು ಮರೆಸುವ ಉದ್ದೇಶವಿದ್ದರೆ ಮಾತ್ರ ಡಿಸ್‌ಗೈಸ್. ನಾನು ಯಕ್ಷಗಾನದಲ್ಲಿ ಹವ್ಯಾಸಿ ಬಣ್ಣದ ವೇಷಧಾರಿ, ಅಂದರೆ ರಾಕ್ಷಸ ಪಾತ್ರ ಮಾಡುವವನು; ಆಟದ ಉದಾಹರಣೆಯನ್ನೇ ಕೊಡುತ್ತೇನೆ. ‘ಪಂಚವಟಿ’ ಪ್ರಸಂಗದಲ್ಲಿ ಶೂರ್ಪನಖಿಯಾಗಿ ಬರುವಾಗ ನನ್ನ ಮುಖದ ತುಂಬ ಚುಟ್ಟಿ: ಅಕ್ಕಿಹಿಟ್ಟಿಗೆ ಸುಣ್ಣ ಕಲಸಿ ಚುಕ್ಕೆ ಚುಕ್ಕೆಯಾಗಿ ಇಡುತ್ತೇವೆ, ಒಣಗುವವರೆಗೆ ನಗುವ ಹಾಗಿಲ್ಲ. ಅದು ವೇಷ. ರಾಮನೆದುರು ಅವಳು ಚೆಲುವೆಯಾಗಬೇಕಲ್ಲ? ಆಗ ನಾನು ಚೌಕಿಗೆ (ಬಣ್ಣ ಹಚ್ಚುವ ಕೋಣೆಗೆ), ಸ್ತ್ರೀವೇಷದವರು ಮಾಯಾ ಶೂರ್ಪನಖಿಯಾಗಿ ರಂಗಕ್ಕೆ. ಡಿಸ್‌ಗೈಸ್ ಎಂದರೆ ಅದು.

ಪದಚಪಲ, ಮಂಗಳೂರು:
ಮೂಲ ಹಳೆಯ ಫ್ರೆಂಚ್. ‘ದೆಸ್’ ಎಂದರೆ ಬಿಟ್ಟು, ‘ಗೀಸ್’ ಎಂದರೆ ರೀತಿ. ತನ್ನ ಎಂದಿನ ರೀತಿಯನ್ನು ಬಿಡುವುದು. 14ನೆಯ ಶತಮಾನದ ಇಂಗ್ಲಿಷಿನಲ್ಲಿ ವಿಚಿತ್ರವಾಗಿ ಉಡುವುದು ಎಂಬ ಅರ್ಥವೂ ಇತ್ತು, ಹಾಗಾಗಿ ನಿಮ್ಮ ಹುಡುಗ ಆಗ ಕೇಳಿದ್ದರೆ ಅರ್ಧ ಗೆಲ್ಲುತ್ತಿದ್ದ! ‘ಅದರ್‌ವೈಸ್’ನೊಳಗಿನ ‘ವೈಸ್’ ಕೂಡ ಈ ‘ಗೀಸ್’ನ ದಾಯಾದಿ, ಎರಡೂ ಜರ್ಮಾನಿಕ್ ಬೇರಿನವು.

ಕಡಿಯಾಳಿ ಟೀಚರ್:
ಉಪಕಾರವಾಯಿತು. ನಾಳೆ ಅಜ್ಞಾತವಾಸದ ಕಂಕಭಟ್ಟ, ವಲಲ, ಬೃಹನ್ನಳೆ ಎಂದು ಹೇಳಿಬಿಡುತ್ತೇನೆ.

ಚೌಕಿಮನೆ:
ಬೃಹನ್ನಳೆಯನ್ನು ಬಿಡಿ. ಅಲ್ಲಿ ಊರ್ವಶಿಯ ಶಾಪವೂ ಇದೆ, ಬರಿಯ ಮಾರುವೇಷವಲ್ಲ; ಆ ಹುಡುಗ ಸುಮ್ಮನಿರುವವನಲ್ಲ.