ಹೊಕುಸಾಯ್ ಅಲೆ, ಹಿರೋಶಿಗೆ ಮಳೆ ಗೋಡೆಗೆ ಹಾಕಿದವರು ಅನುಭವ ಹೇಳಿ

ಮೈಸೂರು ಹೊಸಮನೆ: ಎಲ್ಲರಿಗೂ ನಮಸ್ಕಾರ. ಹಾಲ್‌ನಲ್ಲಿ ಪೂರ್ವದ ಕಿಟಕಿ ಎದುರಿನ ಗೋಡೆ ಖಾಲಿ ಇದೆ, ಬೆಳಗ್ಗೆ ಬಿಸಿಲು ನೇರ ಬೀಳುತ್ತೆ. ಹೊಕುಸಾಯ್‌ನ ದೊಡ್ಡ ಅಲೆ, ಹಿರೋಶಿಗೆಯ ಸೇತುವೆ ಮೇಲಿನ ಮಳೆ, ಜಪಾನಿನ ಈ ಎರಡು ಹಳೆಯ ಮರದಚ್ಚಿನ ಚಿತ್ರಗಳನ್ನೂ ಮೂರು ಅಡಿ ಸೈಜಿಗೆ ಮಾಡಿಸಬೇಕು. ಬಜೆಟ್ ಹತ್ತು ಸಾವಿರ. ಕ್ಯಾನ್ವಾಸಾ, ಪೇಪರಾ?

ಬಸವನಗುಡಿ ಬಡಾವಣೆ: ಕ್ಯಾನ್ವಾಸ್ ಬೇಡವೇ ಬೇಡ. ನಾನು ನ್ಯೂಯಾರ್ಕಿನ ಮೆಟ್ ಮ್ಯೂಸಿಯಂ ಸೈಟಿಂದ ಅಲೆಯ ಫೈಲ್ ಇಳಿಸಿಕೊಂಡು (ಹಕ್ಕು ಮುಗಿದ ಚಿತ್ರಗಳನ್ನು 2017ರಿಂದ ಅವರು ಎಲ್ಲರಿಗೂ ಬಿಟ್ಟಿದ್ದಾರೆ) ಹತ್ತಿರದ ಒಂದು ಅಂಗಡಿಗೆ ಕೊಟ್ಟೆ. ಅವರು ಕ್ಯಾನ್ವಾಸನ್ನು ಚೌಕಟ್ಟಿಗೆ ಎಳೆದು ಪಿನ್ ಹೊಡೆಯುವಾಗ ಎಡಗಡೆಯ ಎರಡಿಂಚು ಮಡಿಕೆಗೆ ಹೋಯಿತು. ಹೊಕುಸಾಯ್ ಸಹಿ, ಚಿತ್ರದ ಹೆಸರು ಎಲ್ಲ ಇರುವುದೇ ಆ ಎಡಗಡೆಯಲ್ಲಿ! ಕೇಳಿದರೆ ‘ಅದು ಬರೀ ಅಕ್ಷರ ಅಲ್ವಾ ಸರ್’ ಅಂದರು. 3,400 ರೂಪಾಯಿ ನೀರಲ್ಲಿ ಹೋಯಿತು. ಆಮೇಲೆ ಬೇರೆ ಕಡೆ ಆರ್ಕೈವಲ್ (ಬೇಗ ಹಳದಿಯಾಗದ) ಪೇಪರ್ ಮೇಲೆ ಪಿಗ್ಮೆಂಟ್ ಇಂಕಿನಲ್ಲಿ ಪ್ರಿಂಟ್ 1,650, ಆಸಿಡ್ ಇಲ್ಲದ ಮೌಂಟ್ (ಚಿತ್ರದ ಸುತ್ತ ಇಡುವ ರಟ್ಟಿನ ಅಂಚು) 450, ತೇಗದ ಫ್ರೇಮ್ 2,200, ಗಾಜಿನ ಬದಲು ಅಕ್ರಿಲಿಕ್ 900, ಆಟೋ 280. ಮೊದಲಿನದೂ ಸೇರಿ 8,880. ಒಂದೇ ಚಿತ್ರಕ್ಕೆ.

ಇನ್ನೊಂದು ವಿಷಯ. ಮೂಲ ಹಾಳೆ ಸುಮಾರು 37×25 ಸೆಂಟಿಮೀಟರ್, ಎ3 ಹಾಳೆ 42×29.7. ಎರಡರ ಅನುಪಾತ ಬೇರೆ. ಅಂಗಡಿಯವರು ಸುಮ್ನೆ ಹಾಳೆಗೆ ಕೂರಿಸು ಅಂತ ಒತ್ತಿದರೆ ಫ್ಯೂಜಿ ಬೆಟ್ಟ ಎಳೆದುಕೊಂಡು ಎತ್ತರ ಆಗುತ್ತೆ. ಸುತ್ತ ಬಿಳಿ ಅಂಚು ಬಿಡಿ ಅಂತ ಬರೆದುಕೊಡಿ, ಬಾಯಲ್ಲಿ ಹೇಳಿದರೆ ಆಗಲ್ಲ.

ಉಡುಪಿ ಕಡಲು: ಕ್ಯಾನ್ವಾಸ್ ಬೇಡ ಅಂತ ಅಷ್ಟು ಜೋರಾಗಿ ಹೇಳಬೇಡಿ. ನಮ್ಮ ಕಡೆ ಪೇಪರ್ ಹಾಕಿ ನೋಡಿ ಗೊತ್ತಾಗುತ್ತೆ. ಫ್ರೇಮ್ ಅಂಗಡಿಯವ ಹಿಂದೆ ಹಾರ್ಡ್‌ಬೋರ್ಡ್ ಇಟ್ಟು ಇಡೀ ಪ್ರಿಂಟಿಗೆ ಫೆವಿಕಾಲ್ ಬಳಿದಿದ್ದ. ಮೌಂಟ್ ಹಾಕದೆ ಗಾಜಿಗೆ ನೇರ ತಾಗಿಸಿದ್ದ. ಆಷಾಢ ಮುಗಿಯುವುದರೊಳಗೆ ಆಕಾಶದ ಭಾಗ ಪೂರ್ತಿ ಬೂಷ್ಟು, ದೋಣಿಗಳ ಜಾಗದಲ್ಲಿ ಹಾಳೆ ಗಾಜಿಗೇ ಅಂಟಿಕೊಂಡು ಬಿಡಿಸುವಾಗ ಕಿತ್ತು ಬಂತು. ಪ್ರಿಂಟ್ 1,800, ಫ್ರೇಮ್ 1,950, ಮಣಿಪಾಲದಿಂದ ತರಿಸಿದ ಬಾಡಿಗೆ 350. ಒಂದು ಪೈಸೆ ವಾಪಸ್ ಕೊಡಲಿಲ್ಲ. ಈಗ ಕ್ಯಾನ್ವಾಸ್ ಇದೆ, ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ, ಆರಾಮ. ವ್ಯಾನ್ ಗೋ ಕೂಡ ಇದೇ ಹಿರೋಶಿಗೆ ಮಳೆಯನ್ನು 1887ರಲ್ಲಿ ಕ್ಯಾನ್ವಾಸ್ ಮೇಲೇ ನಕಲು ಮಾಡಿದ್ದು.

ಬಸವನಗುಡಿ ಬಡಾವಣೆ: ವ್ಯಾನ್ ಗೋ ಎಣ್ಣೆಬಣ್ಣದಲ್ಲಿ ಕೈಯಾರೆ ಬರೆದ ರೀ. ಪ್ರಿಂಟ್ ಹೊಡೆಸಿ ಸುತ್ತಿಸಲಿಲ್ಲ. ಮಳೆಗೆರೆ ಅಷ್ಟು ಸಣ್ಣಗಿದೆ, ಕ್ಯಾನ್ವಾಸಿನ ನೇಯ್ಗೆ ಮೇಲೆ ಅದು ಮುರಿದುಹೋಗುತ್ತೆ.

ಟೋಕಿಯೊ ಕನ್ನಡಿಗ: ಇಂಕ್‌ಜೆಟ್ ಮೇಲೆ ಯಾಕೆ ಇಷ್ಟು ಖರ್ಚು ಮಾಡುತ್ತೀರೋ ನನಗೆ ಅರ್ಥವಾಗಲ್ಲ. ಇಲ್ಲಿ ಇವತ್ತಿಗೂ ಕೈಯಲ್ಲೇ ಕೆತ್ತಿ ಕೈಯಲ್ಲೇ ಅಚ್ಚು ಹಾಕುವವರು ಇದ್ದಾರೆ. ಅಡಾಚಿ ಸಂಸ್ಥೆ ಅದರಲ್ಲಿ ಹೆಸರಾದದ್ದು. ಬೆಟ್ಟದ ಚೆರ್ರಿ ಮರದ ಹಲಗೆ, ಕೋಜೋ ಗಿಡದ ನಾರಿನ ಕಾಗದ, ಒಂದೊಂದು ಬಣ್ಣಕ್ಕೂ ಹಲಗೆ ಮೇಲೆ ಹಾಳೆ ಇಟ್ಟು ಬಾರೆನ್ ಅನ್ನುವ ದುಂಡನೆಯ ಸಾಧನದಿಂದ ಹಿಂದೆ ಉಜ್ಜುತ್ತಾರೆ. ಬಣ್ಣ ಕಾಗದದ ಮೇಲೆ ಕೂರಲ್ಲ, ನಾರಿನ ಒಳಗೆ ಇಳಿಯುತ್ತೆ. ಹಾಳೆ ತಿರುಗಿಸಿದರೆ ಉಜ್ಜಿದ ಗುರುತು ಕಾಣುತ್ತೆ. ಹಿರೋಶಿಗೆ ಮಳೆಯ ಮೇಲ್ತುದಿಯಲ್ಲಿ ಆ ಕಪ್ಪು ಮೋಡ ಕೆಳಗೆ ಬರುತ್ತಾ ಕರಗುವುದು ಇದೆಯಲ್ಲ, ಅದು ಬೊಕಾಶಿ. ಹಲಗೆ ಮೇಲೆ ಬಣ್ಣವನ್ನು ಕೈಯಲ್ಲೇ ತೆಳು ಮಾಡಿ ಪ್ರತಿ ಹಾಳೆಗೂ ಹೊಸದಾಗಿ ಮಾಡಬೇಕು. ಅದಕ್ಕೇ ಎರಡು ಹಾಳೆ ಒಂದೇ ಥರ ಇರಲ್ಲ. ನಾನು ಅಂಥದ್ದೊಂದನ್ನು ಊರಿಗೆ ಅಣ್ಣನಿಗೆ ಕಳಿಸಿದೆ. ಕೊರಿಯರ್ ಬೇರೆ, ಕಸ್ಟಮ್ಸ್ ಬೇರೆ, ಮೇಲೆ ಏನೋ ನಿರ್ವಹಣಾ ಶುಲ್ಕ ಅಂತ 1,120. ರಟ್ಟಿನ ಕೊಳವೆ ಜಜ್ಜಿ ಒಂದು ಮೂಲೆ ಮಡಿಚಿತ್ತು. ಆದರೂ ಅದು ಅಚ್ಚು, ನಿಮ್ಮದು ಪೋಸ್ಟರ್.

ಉಡುಪಿ ಕಡಲು: ನಿಮ್ಮದೂ ನಕಲೇ ಅಲ್ವಾ ಸ್ವಾಮಿ?

ಚನ್ನಪಟ್ಟಣ ಉಳಿ: ನಕಲು ಅನ್ನಬೇಡಿ, ಕೆತ್ತಿದವರ ಕೈಗೆ ಅವಮಾನ. ಹಾಗಂತ ಟೋಕಿಯೊ ಅಣ್ಣ ಪೋಸ್ಟರ್ ಅಂತ ಹೀಯಾಳಿಸುವುದೂ ಸರಿಯಿಲ್ಲ. ಎಡೋ ಕಾಲದಲ್ಲಿ (ಹೊಕುಸಾಯ್, ಹಿರೋಶಿಗೆ ಬದುಕಿದ್ದ ಕಾಲ) ಇವು ಜನಸಾಮಾನ್ಯರ ಚಿತ್ರ. ಒಂದು ಬಟ್ಟಲು ಸೋಬಾ ಶಾವಿಗೆಗೆ 16 ಮೊನ್ (ಆಗಿನ ತಾಮ್ರದ ಕಾಸು) ಕೊಡುತ್ತಿದ್ದ ಕಾಲದಲ್ಲಿ ಇದೂ ಹೆಚ್ಚುಕಮ್ಮಿ ಆ ಬೆಲೆಗೇ ಸಿಗುತ್ತಿತ್ತು. ಒಂದೇ ಹಲಗೆಯಿಂದ ಸಾವಿರಾರು ಪ್ರತಿ ತೆಗೆದರು. ಅಲೆಯ ತಡವಾದ ಪ್ರತಿಗಳಲ್ಲಿ ಹೆಸರಿನ ಪೆಟ್ಟಿಗೆಯ ಗೆರೆ ಸವೆದು ತುಂಡಾಗಿರುವುದು ಕಾಣುತ್ತೆ.

ನಾನು ಸ್ವಂತ ಕೆತ್ತುತ್ತೇನೆ. ಗೊಂಬೆಗೆ ಬಳಸುವ ಹಾಲೆ ಮರ ಇಲ್ಲಿ ಸುಲಭವಾಗಿ ಸಿಗುತ್ತೆ, ಬಣ್ಣದ ಹಲಗೆಗೆ ಚೆನ್ನಾಗಿ ಆಗುತ್ತೆ. ಗೆರೆಯ ಹಲಗೆಗೆ ಆಗಲ್ಲ. ಅಲೆಯ ನೊರೆ ಉಗುರುಗಳಂತೆ ಬಾಗಿದೆಯಲ್ಲ, ಆ ತುದಿಗಳು ಉಳಿ ತಾಗುತ್ತಲೇ ಸಿಡಿಯುತ್ತವೆ. ಚೆರ್ರಿ ಹಲಗೆಯನ್ನೇ ತರಿಸಿದೆ, 4,700. ಮಳೆಗಾಲದಲ್ಲಿ ಅದು ಡೊಂಕಾಗಿ 600 ಕೊಟ್ಟು ಮತ್ತೆ ಹತ್ತರಿ ಹೊಡೆಸಬೇಕಾಯಿತು. ಒದ್ದೆ ಮಾಡಿದ ಕಾಗದ ಗಳಿಗೆಗೊಂದು ಅಳತೆಗೆ ಹಿಗ್ಗುತ್ತೆ. ಹಾಳೆ ಕೂರಿಸಲು ಹಲಗೆಯಲ್ಲಿ ಕೆತ್ತುವ ಕೆಂಟೋ ಗುರುತಿಗೆ ಹಾಳೆ ಸರಿಯಾಗಿ ಕೂತರೂ ನೀಲಿ ಗೆರೆಯಾಚೆ ಸರಿಯುತ್ತೆ. ಅಂಟು, ಪಟಿಕ ಬೆರೆಸಿ ಮಾಡುವ ದೋಸಾ ಅನ್ನುವ ದ್ರಾವಣವನ್ನು ಕಾಗದಕ್ಕೆ ಬಳಿಯದಿದ್ದರೆ ಬಣ್ಣ ಹರಡಿ ಎಲ್ಲ ಹಾಳು. ಆದರೆ ನಮ್ಮ ಮನೆ ಗೋಡೆ ಮೇಲಿರುವುದು ನನ್ನ ಕೈಯ ಅಲೆ.

ಹುಬ್ಬಳ್ಳಿ ಡಿಸೈನು: ಯಾರೂ ಬಣ್ಣದ ಬಗ್ಗೆ ಮಾತಾಡುತ್ತಿಲ್ಲವಲ್ಲ. ಮ್ಯೂಸಿಯಂ ಫೈಲಿನಲ್ಲಿ ಕಾಗದ ಹಳದಿ ತಿರುಗಿರುತ್ತೆ. ಅದನ್ನು ಹಾಗೇ ಪ್ರಿಂಟ್ ಹಾಕಿಸಿದರೆ ಗೋಡೆ ಮೇಲೆ ಕೊಳಕಾಗಿ ಕಾಣುತ್ತೆ. ನಾನು ಹಳದಿ ತೆಗೆದು ನೀಲಿ ಏರಿಸಿ ಕೊಡುತ್ತೇನೆ, ಅಲೆಯ ಗಾಢ ನೀಲಿ, ಪ್ರಶಿಯನ್ ಬ್ಲೂ, ಹೊಳೆಯುತ್ತೆ. ಗಿರಾಕಿಗಳು ಖುಷಿ.

ಟೋಕಿಯೊ ಕನ್ನಡಿಗ: ಹಳದಿ ಜೊತೆ ಆಕಾಶದ ಮಂದ ಮೋಡವೂ ಹೋಗುತ್ತೆ ರೀ! ಬಹಳ ಪ್ರತಿಗಳಲ್ಲಿ ಅದು ಮೊದಲೇ ಮಾಸಿದೆ. ಉಳಿದದ್ದನ್ನೂ ನೀವು ಅಳಿಸುತ್ತಿದ್ದೀರಿ. ಮಾರುತ್ತೀರಿ ಬೇರೆ.

ಹುಬ್ಬಳ್ಳಿ ಡಿಸೈನು: ಮಾರಿದರೆ ಏನ್ರೀ ತಪ್ಪು? ಹೊಕುಸಾಯ್ ತೀರಿದ್ದು 1849ರಲ್ಲಿ, ಹಿರೋಶಿಗೆ 1858ರಲ್ಲಿ. ಇಪ್ಪತ್ತನೇ ಶತಮಾನದ ಅಚ್ಚು ಕಲಾವಿದ ಕವಾಸೆ ಹಸುಯಿ 1957. ನಮ್ಮ ಕಾನೂನಲ್ಲಿ ಲೇಖಕ ತೀರಿದ ಮೇಲೆ 60 ವರ್ಷ, ಅಂದರೆ 2018ರಿಂದ ಅವನದೂ ಮುಕ್ತ. ನಿಮಗೆ ಯೆನ್‌ನಲ್ಲಿ ಸಂಬಳ ಬರುತ್ತೆ, ಇಲ್ಲಿ 700 ರೂಪಾಯಿಗೆ ಚಿತ್ರ ಬೇಕು ಅನ್ನುವವರಿಗೆ ಯಾರು ಕೊಡಬೇಕು?

ಚನ್ನಪಟ್ಟಣ ಉಳಿ: ಸಂಬಳದ ಮಾತು ಯಾಕೆ ಬೇಕಿತ್ತು.

ಮೈಸೂರು ಹೊಸಮನೆ: ಕ್ಷಮಿಸಿ, ಮೂರು ಅಡಿ ಆಗುತ್ತಾ ಇಲ್ವಾ? ಮತ್ತೆ ಬಿಸಿಲು?

ಬಸವನಗುಡಿ ಬಡಾವಣೆ: ಫೈಲ್ 4000 ಪಿಕ್ಸೆಲ್ ಅಗಲ ಇದ್ದರೆ 36 ಇಂಚಿಗೆ ಹಿಗ್ಗಿಸಿದಾಗ ಪ್ರತಿ ಇಂಚಿಗೆ 111 ಪಿಕ್ಸೆಲ್ ಬರುತ್ತೆ, ಹತ್ತಿರ ಹೋದರೆ ಗೆರೆ ಮಬ್ಬು. 300 ಬೇಕು ಅಂದರೆ 13 ಇಂಚು, ಅಂದರೆ ಮೂಲದ ಅಳತೆಗೇ ಹೆಚ್ಚುಕಮ್ಮಿ. ಅಷ್ಟಕ್ಕೇ ಮಾಡಿಸಿ, ಮೌಂಟ್ ಅಗಲ ಜಾಸ್ತಿ ಕೊಡಿ, ಗೋಡೆ ತುಂಬುತ್ತೆ.

ಉಡುಪಿ ಕಡಲು: ಬಿಸಿಲಿಗೆ ಟೋಕಿಯೊದವರದ್ದೂ ನಿಲ್ಲಲ್ಲ, ನಮ್ಮದೂ ನಿಲ್ಲಲ್ಲ. ಮ್ಯೂಸಿಯಂಗಳೇ ಇವನ್ನು ಮಂದ ಬೆಳಕಲ್ಲಿ ಸ್ವಲ್ಪ ಕಾಲ ಇಟ್ಟು ಮತ್ತೆ ಒಳಗಿಡುತ್ತವೆ. ಆ ಗೋಡೆ ಬಿಟ್ಟು ಬೇರೆ ಗೋಡೆ ನೋಡಿ. ಮತ್ತೆ ಬಸವನಗುಡಿಯವರೇ, ನಿಮ್ಮ ಮೌಂಟ್ 450ಕ್ಕೆ ಎಲ್ಲಿ ಸಿಕ್ಕಿತು? ನನಗೆ 800 ಹೇಳಿದರು.

ಬಸವನಗುಡಿ ಬಡಾವಣೆ: ಮೊದಲು ಫೆವಿಕಾಲ್ ಬಳಿಯದ ಅಂಗಡಿ ಹುಡುಕಿ, ಆಮೇಲೆ ಹೇಳುತ್ತೇನೆ.