ಯೂಸರ್ ಟೆಸ್ಟಿಂಗ್‌ನಲ್ಲಿ ಎಲ್ಲರೂ "ಚೆನ್ನಾಗಿದೆ" ಅಂತಾರೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಯುಎಕ್ಸ್ ಡಿಸೈನ್ (ಆ್ಯಪ್, ವೆಬ್‌ಸೈಟ್‌ಗಳನ್ನ ಬಳಸೋರಿಗೆ ಸುಲಭ ಆಗೋ ಹಾಗೆ ರೂಪಿಸೋದು) ಕಲೀತಾ ಇದೀನಿ. ಪೋರ್ಟ್‌ಫೋಲಿಯೋಗೆ ಅಂತ ಅಡಿಕೆ ರೇಟು ತೋರಿಸೋ ಒಂದು ಆ್ಯಪ್‌ನ ಪ್ರೋಟೋಟೈಪನ್ನ (ಪ್ರಯೋಗಕ್ಕೆ ಮಾಡೋ ನಮೂನೆ) ಫಿಗ್ಮಾ ಅನ್ನೋ ಡಿಸೈನ್ ಟೂಲ್‌ನಲ್ಲಿ ಮಾಡಿದೀನಿ. ಮೇಲೆ ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆಯ ಒಂದೊಂದು ಬಗೆಗೂ ಒಂದು ಟ್ಯಾಬ್. ಕೆಳಗೆ ಮಾರ್ಕೆಟ್‌ವಾರು ಕ್ವಿಂಟಲ್‌ಗೆ ಕನಿಷ್ಠ, ಗರಿಷ್ಠ, ಮಾದರಿ ಬೆಲೆ (ಅಂದ್ರೆ ಹೆಚ್ಚಿನ ಮಾಲು ಮಾರಾಟವಾದ ಬೆಲೆ).

ತೀರ್ಥಹಳ್ಳಿ ಕಡೆ ನಮ್ಮ ನೆಂಟರಿಷ್ಟರಲ್ಲೇ ಕೆಲವು ಬೆಳೆಗಾರರಿಗೆ ತೋರಿಸಿದೆ. ಸುಮ್ನೆ ಕೇಳಿದ್ರೆ "ಚೆನ್ನಾಗಿದೆ ಬಿಡು ಮಾರಾಯ". ಅದಕ್ಕೇ ಅಭಿಪ್ರಾಯ ಕೇಳೋದು ಬಿಟ್ಟು "ಇವತ್ತು ಶಿವಮೊಗ್ಗದಲ್ಲಿ ರಾಶಿಗೆ ಎಷ್ಟಿದೆ, ನೋಡಿ ಹೇಳಿ" ಅಂತ ಟಾಸ್ಕ್ ಕೊಟ್ಟೆ. ಒಬ್ಬರು ಮೂರು ಬೆಲೆ ನೋಡಿ, ಗರಿಷ್ಠದ ಮೇಲೇ ಬೆರಳಿಟ್ಟು "ಇಷ್ಟು ಸಿಗತ್ತೆ" ಅಂದ್ರು. ಗರಿಷ್ಠ ಬೆಲೆಯನ್ನೇ ತಮಗೆ ಸಿಗೋ ಬೆಲೆ ಅಂದ್ಕೋತಾರೆ ಅಂತ ಗೊತ್ತಾಯ್ತು, ಇದು ನಿಜಕ್ಕೂ ಉಪಯೋಗಕ್ಕೆ ಬಂತು. ಉಳಿದವರು ಫೋನ್ ವಾಪಸ್ ಕೊಟ್ಟು "ನೀನೇ ತೋರ್ಸು" ಅಂತಾರೆ. ಮನಸ್ಸಲ್ಲಿ ಅನಿಸಿದ್ದನ್ನ ಜೋರಾಗಿ ಹೇಳ್ತಾ ಬಳಸಿ ಅಂದ್ರೆ ಪೂರ್ತಿ ಮೌನ. (ಕಾಫಿ ಮಾತ್ರ ಎಲ್ಲಾ ಮನೇಲೂ ಸಿಕ್ತು.)

ಯೂಸಬಿಲಿಟಿ (ಬಳಕೆಯ ಸುಲಭತೆ) ತಜ್ಞ ಜೇಕಬ್ ನೀಲ್ಸನ್ 2000ರಲ್ಲಿ ಬರೆದ, ಟೆಸ್ಟಿಂಗ್‌ಗೆ ಐದು ಜನ ಸಾಕು ಅನ್ನೋ ಲೇಖನ ಓದಿದೀನಿ. ಆದ್ರೆ ಆ ಐದು ಜನ ಟಾಸ್ಕನ್ನ ಮುಟ್ಟಾದ್ರೂ ನೋಡ್ಬೇಕಲ್ವಾ?

ನನ್ನ ಗೊಂದಲ ಇಷ್ಟೇ: "ನೀನೇ ತೋರ್ಸು" ಅಂದಿದ್ದನ್ನ ಟಾಸ್ಕ್ ಫೇಲ್ ಅಂತ ಬರ್ಕೋಬೇಕಾ, ಇಲ್ಲಾ ಸಂಬಂಧಿಕ ಅನ್ನೋ ಸಂಕೋಚ ಅಂತ ಆ ಸೆಷನ್ ಬಿಟ್ಟು, ಪರಿಚಯ ಇಲ್ಲದವರ ಹತ್ರ ಮತ್ತೆ ಮಾಡ್ಬೇಕಾ? ಹಳ್ಳಿಗಳಲ್ಲಿ ಫೀಲ್ಡ್ ರಿಸರ್ಚ್ ಮಾಡಿರೋರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.